ನನ್ನ ಪಾಲಿನ ಉಗುರುಗಳು

ಉಗುರಿನ ಕೆಲಸ ಕಲಿಯಲು ಬರುವ ಹುಡುಗಿಯರು ಮೊದಲು ಕೇಳುವುದು, ಕೈ ಪಳಗಲು ಎಷ್ಟು ತಿಂಗಳು ಬೇಕು ಅಂತ. ಕೈ ಪಳಗುತ್ತದೆ, ಆ ಚಿಂತೆ ಬೇಡ. ನನ್ನಂಥ ಒರಟು ಕೈಯವಳಿಗೇ ಪಳಗಿತು. ನನ್ನ ಹೆಸರು ಜುಬೇದಾ. ಹುಬ್ಬಳ್ಳಿಯ ಬ್ಯೂಟಿ ಪಾರ್ಲರ್‌ಗಳಲ್ಲಿ ಮೂವತ್ತು ವರ್ಷ ದುಡಿದು, ಅದರಲ್ಲಿ ಅರ್ಧ ಕಾಲ ಉಗುರಿನ ಮೇಜಿನ ಮುಂದೆಯೇ ಕಳೆದು, ಕಣ್ಣು ಮಂಜಾದ ಮೇಲೆ ಮನೆ ಸೇರಿದವಳು. ಎಷ್ಟು ಮದುಮಕ್ಕಳಿಗೆ ಉಗುರು ಹಚ್ಚಿದೆ, ಯಾರ ಬಾಯಲ್ಲಿ ಹೊಗಳಿಸಿಕೊಂಡೆ ಎಂದು ಬರೆಯುವ ಆಸೆ ನನಗಿಲ್ಲ. ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ದುಡಿದ ಗಿರಿಜಾಳ ಕೈಗೆ ಏನಾಯಿತು ಎಂಬುದನ್ನು ಬರೆಯಬೇಕಾಗಿದೆ. ಅದು ನನ್ನ ಕೈಗೂ ಆಗಬಹುದಿತ್ತು. ಆಗಲಿಲ್ಲ. ಯಾಕೆ ಆಗಲಿಲ್ಲ ಎಂಬುದನ್ನೂ ಬರೆಯಬೇಕು.

ನಾನು ಈ ದಂಧೆಗೆ ಬಂದದ್ದು ಮೆಹಂದಿಯಿಂದ. ಮದುವೆ ಮನೆಗಳಲ್ಲಿ ಮೆಹಂದಿ ಹಾಕುತ್ತಿದ್ದೆ, ಆಮೇಲೆ ಪಾರ್ಲರ್‌ನಲ್ಲಿ ಹುಬ್ಬು ತಿದ್ದುವುದನ್ನು ಕಲಿತೆ. ಕೇಶ್ವಾಪುರದ ಒಂದು ಪಾರ್ಲರ್‌ನಲ್ಲಿ ಗಟ್ಟಿಯಾಗಿ ನೆಲೆ ನಿಂತೆ. ಅದರ ಒಡತಿಯನ್ನು ನಾವೆಲ್ಲ ಮೇಡಂ ಎಂದೇ ಕರೆಯುತ್ತಿದ್ದೆವು. ಮುಂಬೈಗೆ ಹೋಗಿ ಏನೇನೋ ಕಲಿತು ಬರುವವರು. ಒಂದು ಸಲ ಬಂದಾಗ ಸೂಟ್‌ಕೇಸಿನ ತುಂಬ ಪ್ಲಾಸ್ಟಿಕ್ ಉಗುರು, ಬಿಳಿ ಪುಡಿ, ಬಾಟಲಿಗಟ್ಟಲೆ ಲಿಕ್ವಿಡ್ ತಂದರು. ಗಿರಾಕಿಯ ಉಗುರಿನ ತುದಿಗೆ ಪ್ಲಾಸ್ಟಿಕ್ ಉಗುರು ಅಂಟಿಸುವುದು, ಬ್ರಷ್ಷನ್ನು ಲಿಕ್ವಿಡ್‌ನಲ್ಲಿ ಅದ್ದಿ ಪುಡಿಗೆ ತಾಗಿಸಿದರೆ ಮುತ್ತಿನಂಥ ಮುದ್ದೆಯಾಗುತ್ತದೆ, ಅದನ್ನು ಮೇಲೆ ಸವರುವುದು, ಗಟ್ಟಿಯಾದ ಮೇಲೆ ಉಜ್ಜಿ ಉಜ್ಜಿ ನಯ ಮಾಡುವುದು. ಕೆಲಸ ಇಷ್ಟೇ. ಆ ಲಿಕ್ವಿಡ್‌ನ ಮುಚ್ಚಳ ತೆಗೆದರೆ ಸಾಕು, ರಸ್ತೆಯಲ್ಲಿ ಹೋಗುವವರಿಗೂ ವಾಸನೆ ಬರುತ್ತಿತ್ತು. ನಾಲ್ಕು ದಿನ ತಲೆ ಸಿಡಿಯಿತು. ಐದನೆಯ ದಿನ ನಮ್ಮ ಮೂಗಿಗೆ ಏನೂ ತಿಳಿಯಲಿಲ್ಲ. ರೂಢಿಯಾಯಿತು ಎಂದು ಖುಷಿಪಟ್ಟೆವು.

ಮೊದಲ ವಾರದ ನನ್ನ ಅವಾಂತರ ಹೇಳುತ್ತೇನೆ. ಹಳೆಯ ಉಗುರು ಬಿಡಿಸಲು ಅಸಿಟೋನ್ ಬೇಕು. ಗಾಜಿನ ಬಟ್ಟಲು ತೊಳೆಯಲು ಹೋಗಿತ್ತು, ನಾನು ಜಾಣತನ ಮಾಡಿ ಚಹಾ ಕುಡಿಯುವ ಥರ್ಮಾಕೋಲ್ ಕಪ್ಪಿಗೆ ಅಸಿಟೋನ್ ಸುರಿದೆ. ಗಿರಾಕಿ ಬೆರಳು ಅದ್ದುವ ಮೊದಲೇ ಕಪ್ಪು ಕಣ್ಣೆದುರಿಗೆ ಕುಸಿದು, ಕರಗಿ, ಜಿಗಟಾಗಿ ಮೇಜಿಗೆ ಅಂಟಿಕೊಂಡಿತು. ಮೇಜಿನ ಪಾಲಿಶೂ ಎದ್ದು ಬಂತು. ಗಿರಿಜಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಏ ಜುಬೇದಕ್ಕ, ಕಪ್ಪ ನುಂಗಿತಲ್ಲವಾ ಅದು!" ಎಂದಳು.

ಮೇಡಂ ಕೂಡ ನಕ್ಕರು. ಕಪ್ಪನ್ನೇ ನುಂಗುವಂಥದ್ದು ನಮ್ಮ ಚರ್ಮಕ್ಕೆ ಏನು ಮಾಡೀತು ಎಂದು ಅಲ್ಲಿದ್ದ ಯಾರಿಗೂ ಅನ್ನಿಸಲಿಲ್ಲ. ಅದೇ ಬೆರಳಿನಿಂದ ಮಧ್ಯಾಹ್ನ ರೊಟ್ಟಿ ಮುರಿದೆವು. ಊಟವೂ ಅದೇ ಮೇಜಿನ ಮೇಲೆ, ಉಜ್ಜಿದ ಉಗುರಿನ ಪುಡಿಯನ್ನು ಕೈಯಿಂದಲೇ ಆಚೆ ಸರಿಸಿ.

ಗಿರಿಜಾ ಧಾರವಾಡದ ಕೆಲಗೇರಿಯವಳು. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಗಂಡ ಅರಳೆ ವ್ಯಾಪಾರಿಯ ಅಂಗಡಿಯಲ್ಲಿ ತೂಕದ ಕೆಲಸಕ್ಕಿದ್ದ. ಲಿಂಗಪೂಜೆ ಆಗದೆ ನೀರೂ ಕುಡಿಯದ ಮನೆತನ. ಬೆಳಿಗ್ಗೆ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮೊದಲೇ ಬಸ್ಸು ಹತ್ತುವವಳು. ನನಗಿಂತ ಆರೇಳು ವರ್ಷ ಚಿಕ್ಕವಳು, ಬಾಯಿ ಜೋರು, ಕೈ ನನಗಿಂತ ಚಂದ. ಅವಳ ಬೆರಳುಗಳನ್ನು ಗಿರಾಕಿಗಳೇ ಹಿಡಿದು ನೋಡುತ್ತಿದ್ದರು.

ಆ ಬೆರಳುಗಳಿಂದಲೇ ಎಲ್ಲ ಶುರುವಾಯಿತು. ಮೇಡಂ ಒಂದು ನಿಯಮ ಮಾಡಿದರು. ಉಗುರಿನ ಮೇಜಿಗೆ ಕೂರುವವರು ತಮ್ಮ ಹತ್ತೂ ಬೆರಳಿಗೆ ಬೇರೆ ಬೇರೆ ನಮೂನೆಯ ಉಗುರು ಹಚ್ಚಿಕೊಂಡಿರಬೇಕು, ಗಿರಾಕಿ ನಮ್ಮ ಕೈ ನೋಡಿ ಆರಿಸಬೇಕು. ವಾರಕ್ಕೊಮ್ಮೆ ಎಲ್ಲ ತೆಗೆದು ಹೊಸದು. ಸೀರೆ ಅಂಗಡಿಯಲ್ಲಿ ಬೊಂಬೆಗೆ ಸೀರೆ ಉಡಿಸಿದ ಹಾಗೆ. ನನಗೆ ಇದು ಆಗುವ ಮಾತಾಗಿರಲಿಲ್ಲ. ನಾನು ಐದು ಹೊತ್ತಿನ ನಮಾಜಿನವಳು. ನಮಾಜಿಗೆ ಮುಂಚೆ ಕೈಕಾಲು, ಮುಖ ತೊಳೆದು ವಜೂ ಮಾಡುವಾಗ ನೀರು ಉಗುರಿಗೆ ಮುಟ್ಟಬೇಕು, ಮೇಲೆ ಬಣ್ಣದ ಪದರವೂ ಇರಬಾರದು. ಪ್ಲಾಸ್ಟಿಕ್ ಉಗುರಂತೂ ದೂರವೇ ಉಳಿಯಿತು. ಮೇಡಂ ಕೆಟ್ಟವರಲ್ಲ, ಆದರೆ ಮುಖ ಸಣ್ಣದು ಮಾಡಿ ಹೇಳಿದರು:

"ನಿನ್ನ ನಮಾಜಿಗೆ ನಾ ಅಡ್ಡ ಬರೂದಿಲ್ಲ ಜುಬೇದಾ. ಆದ್ರ ಖಾಲಿ ಕೈ ಇಟಗೊಂಡು ಈ ಟೇಬಲ್ಲಿಗೆ ಹೆಂಗ ಕುಂಡ್ರತಿ? ಮತ್ತ ಹುಬ್ಬ ತೀಡಾಕ ಹೋಗ."

ಮತ್ತೆ ದಿನವಿಡೀ ನಿಂತು ಹುಬ್ಬು ತೀಡಬೇಕಲ್ಲ ಎಂದು ನನ್ನ ಮುಖ ಬಾಡಿತು. ಗಿರಿಜಾ ಪಕ್ಕದಿಂದ ತಲೆಯೆತ್ತದೆಯೇ ಅಂದಳು:

"ಅಕ್ಕನ ಪಾಲಿಂದೂ ನಾನ ಹಚಗೋತೇನ್ರಿ ಮೇಡಂ. ವಾರಕ್ಕ ಎರಡ ಸಲ ಬದಲ ಮಾಡೂಣು. ಅಷ್ಟೂ ನಮೂನಿ ಕಾಣತಾವ."

ಅಷ್ಟೇ ಮಾತು. ಮೇಡಂ ಒಪ್ಪಿದರು, ನಾನು ಅಲ್ಲಾಹ್‌ನಿಗೆ ಶುಕ್ರಿಯಾ ಹೇಳಿದೆ. ಮರುದಿನ ಮನೆಯಿಂದ ಗಿರಿಜಾಳಿಗೆ ಖರ್ಜೂರದ ಡಬ್ಬಿ ತಂದುಕೊಟ್ಟೆ. ವಾರಕ್ಕೆ ಎರಡು ಸಲ ಅವಳ ಹತ್ತೂ ಉಗುರುಗಳನ್ನು ಅಸಿಟೋನ್‌ನಲ್ಲಿ ನೆನೆಸಿ, ಕೆರೆದು, ಉಜ್ಜಿ, ಹೊಸದು ಹಚ್ಚುತ್ತಿದ್ದವಳು ನಾನೇ. ಅದು ನಮ್ಮ ಹರಟೆಯ ಹೊತ್ತು. ಅತ್ತೆಯ ಮೇಲಿನ ದೂರು, ಮಕ್ಕಳ ಶಾಲೆ, ಹೊಸ ಸೀರೆ, ಎಲ್ಲ ಆಗ. ನನ್ನ ಜೀವನದ ಒಳ್ಳೆಯ ಹೊತ್ತು ಯಾವುದು ಎಂದು ಯಾರಾದರೂ ಕೇಳಿದ್ದರೆ ಆಗ ಅದನ್ನೇ ಹೇಳುತ್ತಿದ್ದೆ.

ಪಾರ್ಲರ್‌ನ ಕಿಟಕಿಗಳು ಸದಾ ಮುಚ್ಚಿರುತ್ತಿದ್ದವು. ತೆರೆದರೆ ಧೂಳು, ಫ್ಯಾನು ಹಾಕಿದರೆ ಪುಡಿ ಹಾರುತ್ತದೆ, ಎಸಿ ಇರುವಾಗ ಕಿಟಕಿ ಯಾಕೆ ಎಂಬ ಲೆಕ್ಕಾಚಾರ. ವಾಸನೆ ಮುಚ್ಚಲು ಮೇಡಂ ಊದಿನಕಡ್ಡಿ ಹಚ್ಚಿಸುತ್ತಿದ್ದರು. ಒಂದು ದಿನ ಅದರ ಕಿಡಿ ಅಸಿಟೋನ್ ನೆನೆದ ಹತ್ತಿಯ ಮೇಲೆ ಬಿದ್ದು ಟ್ರೇ ಭಗ್ಗೆಂದು ಹತ್ತಿತು. ಗಿರಾಕಿಯಾಗಿದ್ದ ವಕೀಲರ ಹೆಂಡತಿ ಉಗುರು ಬಿಡಿಸಲೆಂದು ಹತ್ತೂ ಬೆರಳಿಗೆ ಸುತ್ತಿದ್ದ ಬೆಳ್ಳಿ ಬಣ್ಣದ ಹಾಳೆಯ ಸಮೇತ ಬೀದಿಗೆ ಓಡಿದರು. ಕೇಶ್ವಾಪುರದ ಅಂಗಡಿಯವರೆಲ್ಲ ಹೊರಗೆ ಬಂದು ನೋಡಿದರು. ಗಿರಿಜಾ ಒದ್ದೆ ಟವೆಲ್ ಹಾಕಿ ಆರಿಸಿದಳು. ಆ ದಿನದಿಂದ ಊದಿನಕಡ್ಡಿ ಬಂದ್ ಆಯಿತು, ಸುಗಂಧದ ಸ್ಪ್ರೇ ಬಂತು. ಕಿಟಕಿ ಮಾತ್ರ ಮುಚ್ಚಿಯೇ ಇತ್ತು.

ಕೈಗವಸಿನ ಕಥೆಯೂ ಹಾಗೇ. ಸಾಮಾನು ತಂದುಕೊಡುವವನು ಒಂದು ಡಬ್ಬಿ ಕೈಗವಸು ಪುಕ್ಕಟೆ ಕೊಟ್ಟಿದ್ದ. ಹಾಕಿಕೊಂಡು ಕೂತೆ. ಗಿರಾಕಿ ಹೆಣ್ಣುಮಗಳು ಕೈ ಹಿಂದಕ್ಕೆ ಎಳೆದುಕೊಂಡಳು.

"ಯಾಕ್ರಿ, ನನಗೇನ ಹುಳುಕಡ್ಡಿ ಆಗೇತೇನು? ಮುಟ್ಟಾಕ ಹೇಸಿಗಿ ಬರತೈತೇನು?"

ನಾನು ನಾಚಿ ಕೈಗವಸು ಕಳಚಿದೆ. ಮುಟ್ಟುವ ಕೆಲಸ ಮಾಡುವವಳು ಕೈ ಮುಚ್ಚಿಕೊಳ್ಳುವುದು ಎಂದರೆ ಎದುರಿನವರಿಗೆ ಅವಮಾನ ಎಂದು ನಾವೂ ನಂಬಿದ್ದೆವು. ಡಬ್ಬಿಯನ್ನು ಮೇಡಂ ಕೂದಲಿಗೆ ಬಣ್ಣ ಹಚ್ಚುವವರಿಗೆ ಕೊಟ್ಟುಬಿಟ್ಟರು.

ಎರಡನೆಯ ವರ್ಷವೋ ಮೂರನೆಯದೋ, ಗಿರಿಜಾಳ ಬೆರಳ ತುದಿಯಲ್ಲಿ ಕೆರೆತ ಶುರುವಾಯಿತು. ಆಮೇಲೆ ಸಣ್ಣ ಗುಳ್ಳೆ, ಆಮೇಲೆ ಸಿಪ್ಪೆ, ಆಮೇಲೆ ಸೀಳು. ಕಣ್ಣಿನ ರೆಪ್ಪೆಯೂ ಬಾತುಕೊಂಡಿತು. ನಮ್ಮ ಕಡೆ ಯಾರಿಗಾದರೂ ಕೆರೆತ ಬಂದರೆ ಎಲ್ಲರೂ ಬೆರಳು ತೋರಿಸುವುದು ಪಾರ್ಥೇನಿಯಂ ಗಿಡದ ಕಡೆಗೆ, ನಮ್ಮ ಬಾಯಲ್ಲಿ ಅದು ಕಾಂಗ್ರೆಸ್ ಕಸ. ಅವಳ ಮನೆಯ ಪಕ್ಕದ ಖಾಲಿ ಜಾಗದ ತುಂಬ ಅದೇ ಬೆಳೆದಿತ್ತು. ಡಾಕ್ಟರೊಬ್ಬರು ಕೈ ನೋಡಿ, "ಎಲ್ಲಿ ಮನಿ?" ಎಂದು ಕೇಳಿ, ಕೆಲಗೇರಿ ಎಂದ ಕೂಡಲೇ ಕಾಂಗ್ರೆಸ್ ಕಸದ ಅಲರ್ಜಿ ಎಂದು ಮುಲಾಮು ಬರೆದುಕೊಟ್ಟರು. ಏನು ಕೆಲಸ ಎಂದು ಕೇಳಲಿಲ್ಲ, ನಾವೂ ಹೇಳಲಿಲ್ಲ. ರಜೆಯ ದಿನ ನಾನು ಹುಬ್ಬಳ್ಳಿಯಿಂದ ಬಸ್ಸು ಹತ್ತಿ ಹೋಗಿ, ಅವಳ ಗಂಡನ ಜೊತೆ ಸೇರಿ ಆ ಜಾಗದ ಕಸವನ್ನೆಲ್ಲ ಕಿತ್ತು ಹಾಕಿದೆ. ಗಿರಿಜಾಳನ್ನು ಹತ್ತಿರಕ್ಕೆ ಬರಗೊಡಲಿಲ್ಲ. ಬೇರು ಸಮೇತ ಕಿತ್ತೆವು, ರಾಶಿ ಹಾಕಿ ಸುಟ್ಟೆವು. ಗೆಳತಿಗೆ ದೊಡ್ಡ ಉಪಕಾರ ಮಾಡಿದೆ ಎಂದುಕೊಂಡು ಮರುದಿನ ಬಂದು, ಅದೇ ಸೀಳು ಬಿಟ್ಟ ಬೆರಳುಗಳನ್ನು ಅಸಿಟೋನ್‌ನಲ್ಲಿ ಅದ್ದಿಸಿ ಹೊಸ ಉಗುರು ಹಚ್ಚಿದೆ.

"ಉರಿತೈತಿ ಅಕ್ಕ," ಅಂದಳು.

"ತಡಿ, ಆತು, ಒಂದ ನಿಮಿಷ," ಅಂದೆ.

ಇದನ್ನು ನೆನೆಸಿಕೊಂಡರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ, ಗೊತ್ತು. ಗೊತ್ತಿದ್ದರೂ ಸಂಕಟ ಕಡಿಮೆಯಾಗುವುದಿಲ್ಲ.

ಸೀಳು ಮುಲಾಮಿಗೆ ಕೂಡಿಕೊಳ್ಳುವುದು, ಮತ್ತೆ ಬಿಡುವುದು. ಹೀಗೇ ಬಹಳ ದಿನ ನಡೆಯಿತು. ಒಂದು ಬೆಳಿಗ್ಗೆ ಗಿರಿಜಾ ಬಂದವಳು ಬ್ಯಾಗು ಕೆಳಗಿಡದೆ ನಿಂತೇ ಇದ್ದಳು. ಮೆಲ್ಲಗೆ ಅಂದಳು:

"ಪೂಜಾಕ್ಕ ಕುಂತಿದ್ನಿ. ಬೆರಳ ತುದಿಗೆ ಲಿಂಗ ಹತ್ತಿದ್ದ ತಿಳಿವಲ್ದು ಅಕ್ಕ. ಕಣ್ಣ ತಗದ ನೋಡಿದ ಮ್ಯಾಲ ಗೊತ್ತಾತು, ಮುಟ್ಟೇನಿ ಅಂತ."

ಅವಳ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಆ ದಿನ ನನಗೆ ಹೆದರಿಕೆ ಬಂತು. ಮೇಡಂ ತಾವೇ ಕಾರಿನಲ್ಲಿ ಕೂರಿಸಿಕೊಂಡು ನಮ್ಮಿಬ್ಬರನ್ನೂ ಒಬ್ಬ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಆ ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವರು ಮನೆ ಎಲ್ಲಿ ಎಂದು ಕೇಳಲಿಲ್ಲ. ಕೈ ಹಿಡಿದು ನೋಡಿ, "ಏನ ಕೆಲಸ ಮಾಡ್ತೀರಿ?" ಎಂದರು.

ಬೆನ್ನಿಗೆ ಸಣ್ಣ ಸಣ್ಣ ಪಟ್ಟಿ ಅಂಟಿಸಿ, ಒಂದೊಂದರಲ್ಲೂ ಒಂದೊಂದು ವಸ್ತುವಿಟ್ಟು, ಎರಡು ದಿನ ಬಿಟ್ಟು ನೋಡಿದರು. ಕಾಂಗ್ರೆಸ್ ಕಸದ ಪಟ್ಟಿಯ ಕೆಳಗೆ ಏನೂ ಇರಲಿಲ್ಲ. ನಮ್ಮ ಲಿಕ್ವಿಡ್‌ನ ಜಾತಿಯ ವಸ್ತುಗಳಿದ್ದ ಕಡೆ ಚರ್ಮ ಕೆಂಪಗೆ ಎದ್ದು ನಿಂತಿತ್ತು. ಡಾಕ್ಟರ್ ತಿಳಿಸಿ ಹೇಳಿದರು. ಒಂದು ಸಲ ಮೈ ಇದನ್ನು ಶತ್ರು ಎಂದು ಗುರುತಿಟ್ಟುಕೊಂಡರೆ ಮುಗಿಯಿತು, ಜೀವ ಇರುವವರೆಗೆ ಮರೆಯುವುದಿಲ್ಲ. ಇನ್ನು ಮುಟ್ಟಲೇಬಾರದು. ಹಲ್ಲಿನ ಡಾಕ್ಟರಿಗೆ, ಮೂಳೆಯ ಡಾಕ್ಟರಿಗೆ, ಎಲ್ಲಿಗೆ ಹೋದರೂ ಈ ಅಲರ್ಜಿಯ ವಿಷಯ ಮೊದಲು ಹೇಳಬೇಕು.

ಹೊರಗೆ ಬಂದ ಮೇಲೆ ಗಿರಿಜಾ, "ಉಗುರಿಗೂ ಹಲ್ಲಿಗೂ ಏನ ಸಂಬಂಧವಾ?" ಎಂದು ನಕ್ಕಳು. ಅಳು ಬರುವ ಹೊತ್ತಿಗೆ ನಗುವುದು ಅವಳ ಸ್ವಭಾವ. ನಾನೂ ನಕ್ಕೆ. ಮೇಡಂ ಮಾತ್ರ ಗಾಡಿ ಚಾಲೂ ಮಾಡದೆ ಸ್ಟಿಯರಿಂಗ್ ಹಿಡಿದುಕೊಂಡು ಕೂತೇ ಇದ್ದರು.

ಗಿರಿಜಾ ಕೆಲಸ ಬಿಟ್ಟಳು. ಕಿಟಕಿ ಆಮೇಲೆ ತೆರೆಯಿತು, ಕೈಗವಸು ಬಂತು, ಲಿಕ್ವಿಡ್‌ನ ಬಟ್ಟಲಿಗೆ ಮುಚ್ಚಳ ಬಂತು, ನಮೂನೆಯ ಉಗುರುಗಳನ್ನು ಕಡ್ಡಿಗೆ ಅಂಟಿಸಿ ಬುಟ್ಟಿಯಲ್ಲಿಟ್ಟೆವು. ಎಷ್ಟು ಸುಲಭದ ಕೆಲಸ! ಗಿರಾಕಿಗಳು ಕಡ್ಡಿ ನೋಡಿಯೇ ಆರಿಸಿದರು, ಒಬ್ಬರೂ ದೂರಲಿಲ್ಲ. ಮೊದಲ ದಿನವೇ ಕಡ್ಡಿಗೆ ಹಚ್ಚಿದ್ದರೆ ಏನಾಗುತ್ತಿತ್ತು ಎಂದು ಮೇಡಂ ಒಮ್ಮೆ ನನ್ನನ್ನೇ ಕೇಳಿದರು. ಅವರೂ ಅದೇ ಕೋಣೆಯಲ್ಲಿ ಕೂತು ಅದೇ ಗಾಳಿ ಕುಡಿದವರು. ಕೊನೆಕೊನೆಗೆ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದರು. ನನಗೂ ಚಳಿಗಾಲದಲ್ಲಿ ಎದೆ ಗೊರಗೊರ ಎನ್ನುತ್ತದೆ. ಅದು ಯಾವುದರಿಂದ ಎಂದು ಯಾರೂ ಹೇಳುವಂತಿಲ್ಲ.

ವರ್ಷಗಳು ಕಳೆದವು. ಗಿರಿಜಾಳ ಕೈಯ ಚರ್ಮ ಕೂಡಿಕೊಂಡಿತು, ಬೆರಳ ತುದಿಯ ಜೋಮು ಮಾತ್ರ ಉಳಿಯಿತು. ಸಕ್ಕರೆ ಕಾಯಿಲೆ ಹಿಡಿದು ಅವಳ ಹಲ್ಲುಗಳು ಅಲುಗಾಡಿ, ಮೇಲಿನ ಸಾಲು ಪೂರ್ತಿ ಹೋಯಿತು. ಚರ್ಮದ ಡಾಕ್ಟರ್ ಅಂದು ಹೇಳಿದ್ದು ನೆನಪಾಗದೆ, ಅಲರ್ಜಿಯ ಮಾತೆತ್ತದೆಯೇ ಹಲ್ಲಿನ ಸೆಟ್ಟು ಮಾಡಿಸಿಕೊಂಡಳು. ಹಾಕಿಕೊಂಡ ನಾಲ್ಕೇ ದಿನಕ್ಕೆ ಬಾಯಿ ಉರಿ, ಅಂಗುಳ ಕೆಂಪು. ಸೆಟ್ಟು ಸರಿ ಕೂತಿಲ್ಲ, ಒಳಗೆ ಒಂದು ಪದರ ಹಾಕಿ ಸರಿ ಮಾಡೋಣ ಎಂದು ಹಲ್ಲಿನ ಡಾಕ್ಟರ್ ಕರೆದರು. ಜೊತೆಗೆ ನಾನು ಹೋದೆ.

ಗಿರಿಜಾ ಕುರ್ಚಿಯಲ್ಲಿ ಒರಗಿದ್ದಳು. ಡಾಕ್ಟರ್ ಸಣ್ಣ ಬಟ್ಟಲಿಗೆ ಗುಲಾಬಿ ಬಣ್ಣದ ಪುಡಿ ಹಾಕಿದರು. ಒಂದು ಕಂದು ಬಾಟಲಿಯ ಮುಚ್ಚಳ ತೆಗೆದು ಪುಡಿಯ ಮೇಲೆ ಹನಿಸಿದರು. ನಾನು ಬಾಗಿಲ ಹತ್ತಿರ ಕೂತಿದ್ದೆ. ವಾಸನೆ ಅಲ್ಲಿಯವರೆಗೆ ಬಂತು. ಗಿರಿಜಾ ಒರಗಿದಲ್ಲಿಂದಲೇ ಕತ್ತು ತಿರುಗಿಸಿ ನನ್ನನ್ನು ನೋಡಿದಳು.

"ಅಕ್ಕ," ಅಂದಳು, "ನಮ್ಮ ಅಂಗಡಿ ವಾಸನಿ."

ನಾನು ಎದ್ದು ಡಾಕ್ಟರ ಕೈ ಹಿಡಿದೆ. ಏನು ಹೇಳಿದೆ, ಎಷ್ಟು ಸರಿಯಾಗಿ ಹೇಳಿದೆ, ನೆನಪಿಲ್ಲ. ಅವರು ಒಳ್ಳೆಯವರು, ಬಟ್ಟಲನ್ನು ಪಕ್ಕಕ್ಕಿಟ್ಟು ಪೂರ್ತಿ ಕೇಳಿಸಿಕೊಂಡರು. ಹಲ್ಲಿನ ಸೆಟ್ಟೂ ನಮ್ಮ ಉಗುರೂ ಒಂದೇ ಮನೆತನದ ವಸ್ತು, ಹೀಗೂ ಇರುತ್ತದೆ ಎಂದರು. ಬೇರೆ ಜಾತಿಯ ಸೆಟ್ಟು ಮಾಡಿಸಬಹುದು ಎಂದೂ ಹೇಳಿದರು. ಗಿರಿಜಾ ಒಪ್ಪಲಿಲ್ಲ. "ಇನ್ನೊಂದ ಸಲ ಬಾಯಿ ಸುಟಗೊಳ್ಳಾಕ ನನಗ ಧೈರ್ಯ ಇಲ್ರಿ ಸರ," ಎಂದು ಸೆರಗು ಬಾಯಿಗೆ ಒತ್ತಿಕೊಂಡು ಎದ್ದಳು. ಖಡಕ್ ರೊಟ್ಟಿಯನ್ನು ಕಟಕಟ ಕಡಿದು ತಿನ್ನುತ್ತಿದ್ದವಳು ಈಗ ಹಾಲಲ್ಲಿ ನೆನೆಸಿ, ಕಿವುಚಿ, ಉಣ್ಣುತ್ತಾಳೆ. ಅವಳೆದುರು ನನಗೆ ರೊಟ್ಟಿ ಮುರಿಯಲು ಮನಸ್ಸಾಗುವುದಿಲ್ಲ. ನಾನೂ ನೆನೆಸಿಕೊಳ್ಳುತ್ತೇನೆ. "ನಿನಗೇನ ಹಲ್ಲ ಇಲ್ಲೇನು? ಢೋಂಗ ಮಾಡಬ್ಯಾಡ," ಎಂದು ಬೈಯುತ್ತಾಳೆ.

ಈಗ ಈಚಿನ ಮಾತು. ನನ್ನ ತಂಗಿಯ ಮಗಳು ಮುಸ್ಕಾನ್ ಧಾರವಾಡದ ಸಪ್ತಾಪುರದಲ್ಲಿ, ಕಾಲೇಜು ಹುಡುಗಿಯರು ಬರುವ ಒಂದು ನೇಲ್ ಸ್ಟುಡಿಯೋಕ್ಕೆ ಸೇರಿದ್ದಾಳೆ. ಕಳೆದ ತಿಂಗಳು ನಾನು ಕೆಲಗೇರಿಯಲ್ಲಿ ಗಿರಿಜಾಳ ಮನೆಗೆ ಹೋಗಿದ್ದಾಗ, ಕೆಲಸ ಮುಗಿಸಿ ನನ್ನನ್ನು ಕರೆದುಕೊಂಡು ಹೋಗಲು ಸ್ಕೂಟಿಯಲ್ಲಿ ಬಂದಳು. ಅವಳ ಕೈ ಹಿಡಿದು ನೋಡಿದೆ. ಉಗುರು ಬರಿದಾಗಿತ್ತು, ಚರ್ಮ ನಯವಾಗಿತ್ತು. ನನಗೆ ಸಮಾಧಾನವಾಯಿತು.

"ಈಗ ವಾಸನಿ ಇಲ್ಲ ಖಾಲಾ, ನಿಮ್ಮ ಕಾಲದಾಗಿನ್ಹಂಗಲ್ಲ," ಎಂದಳು. "ಎಲ್ಲಾ ಜೆಲ್. ಹಚ್ಚೂದು, ಲೈಟಿನಾಗ ಕೈ ಇಡಿಸೂದು, ಒಣಗಿ ಬಿಡತೈತಿ."

"ವಾಸನಿ ಇಲ್ಲಂದ್ರ ವಿಷ ಇಲ್ಲಂತ ಯಾರ ಹೇಳಿದ್ರವಾ?" ಎಂದಳು ಗಿರಿಜಾ. ಚರ್ಮದ ಡಾಕ್ಟರ ಹತ್ತಿರ ಈಗಲೂ ಹೋಗಿ ಬರುವವಳು ಅವಳು. ಜೆಲ್ ಕೂಡ ಅದೇ ಮನೆತನದ್ದು, ಒಣಗುವ ಮೊದಲು ಚರ್ಮಕ್ಕೆ ತಾಗಿದರೆ ಅದೇ ಗತಿ ಎಂದು ಕೇಳಿ ತಿಳಿದುಕೊಂಡಿದ್ದಳು.

"ನಾ ಏನ ಹಚಗೊಳ್ಳೂದಿಲ್ಲ ಬಿಡ್ರಿ ಆಂಟಿ. ನಮಾಜ ಐತಲ್ಲ. ರೀಲ್ಸಿಗೆ ಕೈ ತೋರಸೂದು ಇರತೈತಿ, ದಿನಾ ಹೊಸ ಡಿಸೈನ್. ನನ್ನ ಬದಲಿ ಶ್ರೀದೇವಿ ಹಚಗೋತಾಳ. ಭಾಳ ಛಲೋ ಹುಡುಗಿ."

ಮುಸ್ಕಾನ್ ಇದನ್ನು ಹೆಮ್ಮೆಯಿಂದ ಹೇಳಿದಳು. ಗಿರಿಜಾ ಚಹಾದ ಕಪ್ಪನ್ನು ನೆಲಕ್ಕಿಟ್ಟಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಮ್ಮ ಕಥೆ ಆ ಹುಡುಗಿಗೆ ಗೊತ್ತಿರಲಿಲ್ಲ. ಗಿರಿಜಾಳ ಕೈಗೆ ಲಿಕ್ವಿಡ್ ಒಗ್ಗಲಿಲ್ಲ ಎಂಬಷ್ಟನ್ನೇ ನಾನು ಮನೆಯಲ್ಲಿ ಹೇಳಿದ್ದೆ. ಯಾರ ಪಾಲಿನ ಉಗುರು ಯಾರು ಹಚ್ಚಿಕೊಂಡರು ಎಂಬುದನ್ನು ಹೇಳಲು ನನ್ನ ನಾಲಿಗೆ ಏಳುತ್ತಿರಲಿಲ್ಲ.

"ನಾಳೆ ನಿಮ್ಮ ಸ್ಟುಡಿಯೋಕ್ಕ ಬರತೇವಿ," ಎಂದಳು ಗಿರಿಜಾ.

ಮರುದಿನ ಹೋದೆವು. ಚಂದದ ಜಾಗ. ಪುಡಿ ಎಳೆದುಕೊಳ್ಳುವ ಯಂತ್ರವಿದೆ, ಗಿರಾಕಿಯೇ ಕೈಗವಸು ಹಾಕಿಕೊಳ್ಳಿ ಎನ್ನುವ ಕಾಲ ಬಂದಿದೆ. ಹುಡುಗಿಯರು ತೆಳ್ಳನೆಯ ಮಾಸ್ಕ್ ಹಾಕಿದ್ದರು. ಅದು ಪುಡಿಯನ್ನು ಅಷ್ಟಿಷ್ಟು ತಡೆದೀತು, ಆವಿಯನ್ನಲ್ಲ. ಕಿಟಕಿ ತೆರೆಯಲಾಗದ ಹಾಗೆ ಅದರ ಮೇಲೆ ಅಡ್ಡವಾಗಿ ದೊಡ್ಡದೊಂದು ಬೋರ್ಡು ಹೊಡೆದಿದ್ದರು. ಶ್ರೀದೇವಿ ಎಂಬ ಹುಡುಗಿ ನಮಗೆ ನಮಸ್ಕಾರ ಮಾಡಿದಳು. ಹತ್ತೂ ಬೆರಳಿನಲ್ಲಿ ಹತ್ತು ಬಣ್ಣ. ಗಿರಿಜಾ ತನ್ನ ಎಡ ಅಂಗೈ ಚಾಚಿದಳು, ಹುಡುಗಿ ಅದರ ಮೇಲೆ ಕೈಯಿಟ್ಟಳು. ಜೋಮು ಹಿಡಿದ ಬೆರಳಿಗೆ ತಿಳಿಯದೆಂದು ಗಿರಿಜಾ ಆ ಕೈಯನ್ನು ನನ್ನ ಕಡೆಗೆ ತಿರುಗಿಸಿದಳು. ನಾನು ಸವರಿ ನೋಡಿದೆ. ತೋರುಬೆರಳಿನ ತುದಿ ಒರಟಾಗಿತ್ತು. ಉಗುರಿನ ಬದಿಯಲ್ಲಿ ಸಿಪ್ಪೆ ಏಳುತ್ತಿತ್ತು.

"ಇದ ಯಾವಾಗಿಂದ ಐತಿ ತಂಗಿ?" ಎಂದು ಕೇಳಿದೆ.

"ಏನಿಲ್ರಿ ಆಂಟಿ," ಎಂದಳು ಶ್ರೀದೇವಿ, ನಾಚಿಕೊಂಡು ಕೈ ಹಿಂದೆಳೆಯುತ್ತ. "ನಮ್ಮ ಓಣ್ಯಾಗ ಕಾಂಗ್ರೆಸ್ ಕಸ ಭಾಳ ಐತ್ರಿ. ಅದರದ್ದ ಇರಬೇಕು."

ಗಿರಿಜಾ ನಗಲಿಲ್ಲ. ಬಾಯಿಗೆ ಹಿಡಿದಿದ್ದ ಸೆರಗನ್ನು ತೆಗೆದು, ಬೋಳು ಒಸಡು ಕಾಣುವ ಹಾಗೆ ಬಾಯಿ ತೆರೆದು ಆ ಹುಡುಗಿಗೆ ತೋರಿಸಿದಳು. ಆಮೇಲೆ ಹತ್ತು ಬೆರಳು ತೋರಿಸಿದಳು. ಆಮೇಲೆ ನನ್ನ ಕಡೆ ಕೈ ಮಾಡಿ, "ಇಕಿ ಪಾಲಿಂದು ನಾ ಹಚಗೊಂಡಿದ್ನಿ," ಎಂದು ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಮುಸ್ಕಾನ್ ಗೋಡೆಗೆ ಒರಗಿ ನಿಂತು ಕೇಳಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಇಷ್ಟು ವರ್ಷವಾದರೂ ಗಿರಿಜಾಳ ದನಿಯಲ್ಲಿ ನನ್ನ ಮೇಲೆ ಒಂದು ಎಳೆ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಸ್ಟುಡಿಯೋದ ಒಡತಿ ಆ ಹೊತ್ತಿಗೆ ಇರಲಿಲ್ಲ. ಅವಳಿಗೆ ಏನು ಹೇಳುವುದು ಎಂಬುದನ್ನು ಆಮೇಲೆ ನೋಡಿಕೊಂಡರಾಯಿತು ಎಂದೆ. ಚರ್ಮದ ಡಾಕ್ಟರ ಹತ್ತಿರ ನಾವೇ ಕರೆದುಕೊಂಡು ಹೋಗುತ್ತೇವೆ ಎಂದೆ. ಗಟ್ಟಿಯಾದ ಕೈಗವಸು ಕೇಳಿ ಹಾಕಿಕೊಂಡೆ, ಕನ್ನಡಕ ಒರೆಸಿಕೊಂಡೆ. ಕೆಲಸ ಬಿಟ್ಟ ಮೇಲೆ ಮೊದಲ ಸಲ ಉಗುರಿನ ಮೇಜಿನ ಮುಂದೆ ಕೂತು ಶ್ರೀದೇವಿಯ ಕೈಯನ್ನು ದೀಪದ ಕೆಳಗೆ ಎಳೆದುಕೊಂಡೆ. ಒಂದೊಂದೇ ಉಗುರು, ಅವಸರವಿಲ್ಲದೆ, ಅಸಿಟೋನ್ ಚರ್ಮಕ್ಕೆ ತಾಗದ ಹಾಗೆ ಬಿಡಿಸತೊಡಗಿದೆ.

"ಉರಿತೈತಿ ಆಂಟಿ," ಅಂದಳು ಹುಡುಗಿ.

ನಾನು ಕೈ ನಿಲ್ಲಿಸಿದೆ. ನನ್ನ ಬೆನ್ನ ಹಿಂದೆ ಗಿರಿಜಾ ಒಂದು ಸ್ಟೂಲಿನ ಮೇಲೆ ಹತ್ತಿ, ಕಿಟಕಿಗೆ ಹೊಡೆದಿದ್ದ ಬೋರ್ಡನ್ನು ಕೀಳುತ್ತಿದ್ದಳು.